ರೇಷ್ಮೆ ದಾರ, ಹಿತ್ತಾಳೆ ತಂತಿ: ಸ್ಟೀಫನ್ ಗ್ರೇ ಎಂಬ ಬಣ್ಣಗಾರನ ಕಥೆ

ನಾನು ಚಿಕ್ಕವನಿದ್ದಾಗ ನಮ್ಮೂರಿನ ಕರೆಂಟ್ ಕಂಬಗಳ ತುದಿಯಲ್ಲಿ ಬಿಳಿ ಪಿಂಗಾಣಿಯ ಬಟ್ಟಲುಗಳು ಬೋರಲಾಗಿ ಕೂತಿರುತ್ತಿದ್ದವು. ತಂತಿ ಮುಟ್ಟಿದರೆ ಸತ್ತೇ ಹೋಗುತ್ತೀಯ ಎಂದು ಹೆದರಿಸುತ್ತಿದ್ದ ದೊಡ್ಡವರೇ, ಆ ತಂತಿಯನ್ನು ಹೊತ್ತು ನಿಂತ ಕಬ್ಬಿಣದ ಕಂಬಕ್ಕೆ ನಿಶ್ಚಿಂತೆಯಿಂದ ಒರಗಿ ಹರಟೆ ಹೊಡೆಯುತ್ತಿದ್ದರು. ಒಮ್ಮೆ ಕಂಬ ಹತ್ತಿ ಇಳಿದ ಲೈನ್‌ಮನ್ ಒಬ್ಬರನ್ನು ಕೇಳಿದೆ: “ಕರೆಂಟು ಕಂಬದ ಗುಂಟ ಕೆಳಗೆ ಯಾಕೆ ಇಳಿಯಲ್ಲ ಅಣ್ಣ?” ಅವರು ಮೇಲೆ ನೋಡಿ, “ಆ ಪಿಂಗಾಣಿ ಬಿಡಲ್ಲ ಕಣಪ್ಪ” ಎಂದರು.

ಮುಂದೆ ಶಾಲೆಯಲ್ಲಿ ಇದೇ ಮಾತು ಪಾಠವಾಗಿ ಬಂತು. ಹಲಗೆಯ ಮೇಲೆ ಮೇಷ್ಟ್ರು ಒಂದು ಗೆರೆ ಎಳೆದು, ಎಡಗಡೆ ‘ವಾಹಕಗಳು’, ಬಲಗಡೆ ‘ಅವಾಹಕಗಳು’ ಎಂದು ಬರೆದರು. ತಾಮ್ರ, ಕಬ್ಬಿಣ, ಬೆಳ್ಳಿ ಎಡಕ್ಕೆ. ಗಾಜು, ರಬ್ಬರು, ರೇಷ್ಮೆ ಬಲಕ್ಕೆ. ನಾವು ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಬರೆದೆವು. ಆ ಗೆರೆಯನ್ನು ಮೊದಲು ಎಳೆದವರು ಯಾರು ಎಂದು ನಾವು ಕೇಳಲಿಲ್ಲ, ಪುಸ್ತಕವೂ ಹೇಳಲಿಲ್ಲ. ಓಮ್, ವೋಲ್ಟಾ, ಆಂಪಿಯರ್, ಫ್ಯಾರಡೆ ಇವರೆಲ್ಲ ಅಳತೆಯ ಮಾನಗಳಾಗಿ ನಮ್ಮ ನಾಲಗೆಯ ಮೇಲೆ ಉಳಿದರು. ಅವರಿಗಿಂತ ಎಷ್ಟೋ ಮೊದಲು, ವಿದ್ಯುತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಲ್ಲದು ಎಂಬುದನ್ನೇ ಕಂಡುಕೊಟ್ಟವನ ಹೆಸರು ಯಾವ ಮಾನಕ್ಕೂ ಇಲ್ಲ. ಅವನು ಸ್ಟೀಫನ್ ಗ್ರೇ. ಇಂಗ್ಲೆಂಡಿನವನು, ಕಸುಬಿನಿಂದ ಬಟ್ಟೆಗೆ ಬಣ್ಣ ಹಾಕುವವನು.

ಗ್ರೇ ಮಾಡಿದ ಕೆಲಸದ ಬೆಲೆ ಗೊತ್ತಾಗಬೇಕಾದರೆ ಅವನಿಗಿಂತ ಹಿಂದೆ ಜನಕ್ಕೆ ಏನು ತಿಳಿದಿತ್ತು ಎಂಬುದನ್ನು ನೋಡಬೇಕು. ಅಂಬರನ್ನು, ಅಂದರೆ ಹಳೆಯ ಮರಗಳ ಗಟ್ಟಿಯಾದ ಅಂಟನ್ನು, ಉಜ್ಜಿದರೆ ಅದು ಹುಲ್ಲಿನ ಎಸಳನ್ನು ಸೆಳೆಯುತ್ತದೆ ಎಂಬುದು ಗ್ರೀಕರ ಕಾಲದಿಂದಲೂ ತಿಳಿದಿತ್ತು. 1600ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಿಲ್ಬರ್ಟ್, ಕಾಂತದ ಬಗ್ಗೆ ಬರೆದ ತನ್ನ ದೊಡ್ಡ ಗ್ರಂಥದಲ್ಲಿ, ಅಂಬರಿನ ಈ ಗುಣ ಗಾಜು, ಗಂಧಕ, ಅರಗು, ಕೆಲವು ರತ್ನಗಳಿಗೂ ಇದೆ ಎಂದು ತೋರಿಸಿದ. ಅವುಗಳನ್ನು ‘ಎಲೆಕ್ಟ್ರಿಕ್’ ಎಂದು ಕರೆದ. ಗ್ರೀಕಿನಲ್ಲಿ ಅಂಬರಿನ ಹೆಸರು ‘ಎಲೆಕ್ಟ್ರಾನ್’. ಎಷ್ಟು ಉಜ್ಜಿದರೂ ಏನನ್ನೂ ಸೆಳೆಯದ ಲೋಹಗಳು ಇನ್ನೊಂದು ಗುಂಪಿಗೆ ಸೇರಿದವು. ಮುಂದಿನ ನೂರು ವರ್ಷ ಎಲ್ಲರೂ ನಂಬಿದ್ದು ಇಷ್ಟನ್ನೇ: ಸೆಳೆತ ಎಂಬುದು ಉಜ್ಜಿದ ವಸ್ತುವಿನ ಸ್ವಂತ ಗುಣ. ಸಕ್ಕರೆಗೆ ಸಿಹಿಯಿದ್ದಂತೆ ಗಾಜಿಗೆ ಆ ಗುಣ. ಅದು ಗಾಜನ್ನು ಬಿಟ್ಟು ಬೇರೆ ಕಡೆಗೆ ನಡೆದು ಹೋದೀತು ಎಂಬ ಯೋಚನೆಯೇ ಇರಲಿಲ್ಲ.

ಗ್ರೇ ಹುಟ್ಟಿದ್ದು 1666ರಲ್ಲಿ, ಕ್ಯಾಂಟರ್ಬರಿಯಲ್ಲಿ. ಅಪ್ಪನದೂ ಬಣ್ಣದ ಕಸುಬೇ. ವಿಶ್ವವಿದ್ಯಾಲಯದ ಓದು ಅವನಿಗೆ ದಕ್ಕಲಿಲ್ಲ. ಹಗಲಿನಲ್ಲಿ ಬಣ್ಣದ ಹಂಡೆಗಳ ನಡುವೆ ದುಡಿದು, ಉಳಿದ ಹೊತ್ತಿನಲ್ಲಿ ಗಾಜು ತಿಕ್ಕಿ ಮಸೂರ ಮಾಡಿಕೊಂಡು ಆಕಾಶ ನೋಡುತ್ತಿದ್ದ. 1696ರಲ್ಲಿ ಅವನ ಒಂದು ಜಾಣತನದ ಉಪಕರಣದ ವಿವರ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ತಗಡಿನಲ್ಲಿ ಸಣ್ಣ ತೂತು ಕೊರೆದು, ಅದರಲ್ಲಿ ಒಂದು ಹನಿ ನೀರು ನಿಲ್ಲಿಸಿದರೆ ಆ ಹನಿಯೇ ಸೂಕ್ಷ್ಮದರ್ಶಕ! ಕಾಸಿಲ್ಲದವನ ಪ್ರಯೋಗ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸೂರ್ಯನ ಕಲೆಗಳನ್ನೂ ಗ್ರಹಣಗಳನ್ನೂ ಎಷ್ಟು ಎಚ್ಚರದಿಂದ ಗುರುತಿಸಿಡುತ್ತಿದ್ದನೆಂದರೆ, ಗ್ರೀನಿಚ್‌ನ ರಾಜಖಗೋಳಜ್ಞ ಜಾನ್ ಫ್ಲ್ಯಾಮ್‌ಸ್ಟೀಡ್ ಅವನೊಂದಿಗೆ ಸಮಾನನಂತೆ ಪತ್ರವ್ಯವಹಾರ ಇಟ್ಟುಕೊಂಡಿದ್ದ. ಕೇಂಬ್ರಿಜ್‌ನ ಹೊಸ ವೀಕ್ಷಣಾಲಯದಲ್ಲಿ ರೋಜರ್ ಕೋಟ್ಸ್ ಎಂಬ ಪ್ರಾಧ್ಯಾಪಕನ ಸಹಾಯಕನಾಗಿ ಸ್ವಲ್ಪ ಕಾಲ ದುಡಿದ. ಅದು ಕೈಹಿಡಿಯದೆ ಮತ್ತೆ ಬಣ್ಣದ ಹಂಡೆಗೇ ಮರಳಿದ. ಆಮೇಲೆ ಲಂಡನ್ನಿನಲ್ಲಿ ವಿಜ್ಞಾನದ ಉಪನ್ಯಾಸಗಳಿಗೆ ಹೆಸರಾಗಿದ್ದ ಜಾನ್ ಡೆಸಾಗುಲಿಯರ್ಸ್ ಮನೆಯಲ್ಲಿದ್ದುಕೊಂಡು ಅವನ ಪ್ರಯೋಗಗಳಿಗೆ ನೆರವಾದ. ಕೊನೆಗೆ, ಐವತ್ತು ದಾಟಿದ ಮೇಲೆ, 1719ರಲ್ಲಿ ಲಂಡನ್ನಿನ ಚಾರ್ಟರ್‌ಹೌಸ್‌ನಲ್ಲಿ ಅವನಿಗೆ ಒಂದು ಕೋಣೆ ಸಿಕ್ಕಿತು. 1611ರಲ್ಲಿ ಒಬ್ಬ ಸಿರಿವಂತನ ದತ್ತಿಯಿಂದ ಶುರುವಾದ ಚಾರ್ಟರ್‌ಹೌಸ್, ಗತಿಯಿಲ್ಲದ ಹಿರಿಯರಿಗೆ ಊಟ, ವಸತಿ ಕೊಡುವ ಧರ್ಮಸಂಸ್ಥೆ. ಬದುಕು ಮುಗಿಸಲೆಂದು ಜನ ಸೇರುವ ಅಂಥ ಜಾಗದಲ್ಲಿ ಗ್ರೇಯ ನಿಜವಾದ ಬದುಕು ಶುರುವಾಯಿತು.

ಗ್ರೇ ಹಿಂದೆ ಬೀಳಲು ನ್ಯೂಟನ್ ಕಾರಣ ಎಂದು ಹೇಳುವವರಿದ್ದಾರೆ. ನ್ಯೂಟನ್‌ಗೂ ಫ್ಲ್ಯಾಮ್‌ಸ್ಟೀಡ್‌ಗೂ ಕಡುವೈರವಿತ್ತು, ಗ್ರೇ ಫ್ಲ್ಯಾಮ್‌ಸ್ಟೀಡನ ಗೆಳೆಯ, ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷ. ಹಾಗಾಗಿ ಬಾಗಿಲು ಮುಚ್ಚಿತು ಎಂಬುದು ವಾದ. ಕಥೆಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ನಾನು ಇದನ್ನು ಪೂರ್ತಿ ನಂಬಲಾರೆ. 1720ರಲ್ಲಿ, ನ್ಯೂಟನ್ ಅಧ್ಯಕ್ಷನಾಗಿದ್ದಾಗಲೇ, ಕೂದಲು, ರೇಷ್ಮೆ, ಗರಿ, ಕಾಗದ, ತೊಗಲುಗಳನ್ನೂ ಉಜ್ಜಿ ವಿದ್ಯುತ್ತು ಬರಿಸಬಹುದು ಎಂಬ ಗ್ರೇಯ ಲೇಖನ ಸೊಸೈಟಿಯ ಪತ್ರಿಕೆಯಲ್ಲೇ ಬಂತು. ಒಬ್ಬ ಬಣ್ಣಗಾರನನ್ನು ಹಿಂದೆ ಉಳಿಸಲು ಯಾರ ದ್ವೇಷವೂ ಬೇಕಿರಲಿಲ್ಲ. ಬಡತನ ಮತ್ತು ಹೊಟ್ಟೆಪಾಡು ಸಾಕಿತ್ತು.

ಈಗ 1729ರ ಆರಂಭಕ್ಕೆ ಬರೋಣ. ಗ್ರೇಗೆ ಅರವತ್ತೆರಡು ವರ್ಷ. ಅವನ ಬಳಿ ಇದ್ದ ಮುಖ್ಯ ಉಪಕರಣ ಸುಮಾರು ಮೂರೂವರೆ ಅಡಿ ಉದ್ದದ, ಒಂದಂಗುಲಕ್ಕಿಂತ ತುಸು ದಪ್ಪದ ಒಂದು ಗಾಜಿನ ಕೊಳವೆ. ಒಳಗೆ ಧೂಳು ಹೋಗದಿರಲೆಂದು ಎರಡೂ ತುದಿಗೆ ಕಾರ್ಕಿನ ಬಿರಡೆ ಹಾಕಿಡುತ್ತಿದ್ದ. ಬಿರಡೆ ಇದ್ದರೆ, ಇಲ್ಲದಿದ್ದರೆ ಸೆಳೆತದಲ್ಲಿ ಏನಾದರೂ ವ್ಯತ್ಯಾಸ ಬರುತ್ತದೆಯೇ ಎಂದು ನೋಡಲು ಕೊಳವೆಯನ್ನು ಉಜ್ಜಿ, ತುದಿಯ ಹತ್ತಿರ ಒಂದು ಗರಿ ಹಿಡಿದ. ಗರಿ ಗಾಜಿಗೆ ಹೋಗಲಿಲ್ಲ, ಬಿರಡೆಗೆ ಹೋಗಿ ಅಂಟಿತು. ಬಿರಡೆಯನ್ನು ಯಾರೂ ಉಜ್ಜಿರಲಿಲ್ಲ.

ಗಾಜಿನ ಕೊಳವೆ ಹಿಡಿದು ಪ್ರಯೋಗ ಮಾಡಿದವರು ಅವನಿಗಿಂತ ಮೊದಲೂ ಇದ್ದರು. ಸೊಸೈಟಿಯ ಪ್ರಯೋಗಕಾರ ಫ್ರಾನ್ಸಿಸ್ ಹಾಕ್ಸ್‌ಬಿ ಇಪ್ಪತ್ತು ವರ್ಷ ಹಿಂದೆಯೇ ಅದನ್ನು ಪ್ರಸಿದ್ಧಿಗೆ ತಂದಿದ್ದ. ಆದರೆ ಬಿರಡೆ ಅವರಿಗೆಲ್ಲ ಬರೀ ಬಿರಡೆ. ಗ್ರೇ ಬಿರಡೆಯ ಮುಂದೆ ನಿಂತು ಬೆರಗಾದ, ಮತ್ತು ಬೆರಗನ್ನು ಅಲ್ಲಿಗೇ ಬಿಡಲಿಲ್ಲ. ಬಿರಡೆಗೆ ಹೋದ ಗುಣ ಅದಕ್ಕಿಂತ ಮುಂದಕ್ಕೂ ಹೋಗಬಾರದೇಕೆ? ನಾಲ್ಕಂಗುಲದ ಮರದ ಕಡ್ಡಿಯ ತುದಿಗೆ ಒಂದು ದಂತದ ಚೆಂಡು ಸಿಕ್ಕಿಸಿ, ಕಡ್ಡಿಯನ್ನು ಬಿರಡೆಗೆ ಚುಚ್ಚಿದ. ಚೆಂಡು ಗರಿಯನ್ನು ಸೆಳೆಯಿತು. ಕಡ್ಡಿ ಉದ್ದ ಮಾಡಿದ, ಸೆಳೆಯಿತು. ಕಡ್ಡಿಯ ಬದಲು ತಂತಿ ಹಾಕಿದ, ಸೆಳೆಯಿತು. ಮೂಟೆ ಕಟ್ಟುವ ಹುರಿಯಲ್ಲಿ ಚೆಂಡನ್ನು ಇಳಿಬಿಟ್ಟ, ಆಗಲೂ ಸೆಳೆಯಿತು. ಚೆಂಡಿನ ಬದಲು ಕೋಣೆಯಲ್ಲಿದ್ದ ವಸ್ತುಗಳೆಲ್ಲ ಒಂದೊಂದಾಗಿ ಹುರಿಯ ತುದಿಗೆ ಬಂದವು: ನಾಣ್ಯ, ಸೀಸದ ತುಂಡು, ಒಲೆಯ ಇಕ್ಕಳ, ಚಹಾದ ಕೆಟಲ್, ಬೆಳ್ಳಿ ಪಾತ್ರೆ, ಇಟ್ಟಿಗೆ, ಹೆಂಚು, ಸೀಮೆಸುಣ್ಣ, ಕಾಯಿಪಲ್ಲೆ. ಎಲ್ಲವೂ ಸೆಳೆದವು. ನೂರಾರು ವರ್ಷ ‘ಇವಕ್ಕೆ ಆ ಗುಣವಿಲ್ಲ’ ಎನಿಸಿಕೊಂಡಿದ್ದ ಲೋಹಗಳು ಕೂಡ.

ಮುಂದೆ ಬೇಕಾದದ್ದು ಎತ್ತರ. ಬೇಸಿಗೆಯಲ್ಲಿ ಗ್ರೇ ಕೆಂಟ್ ಪ್ರಾಂತ್ಯದ ಗೆಳೆಯರ ದೊಡ್ಡ ಮನೆಗಳಿಗೆ ಹೋಗಿ, ಮಹಡಿಯ ಮೇಲೆ ನಿಂತು ಹುರಿಯನ್ನು ಅಂಗಳಕ್ಕೆ ಇಳಿಬಿಟ್ಟ. ಇಪ್ಪತ್ತಾರು ಅಡಿ ಕೆಳಗೆ ಚೆಂಡು ಹಿತ್ತಾಳೆ ರೇಕಿನ ಚೂರುಗಳನ್ನು ಎತ್ತಿಕೊಂಡಿತು. ಆದರೆ ಮನೆಯ ಎತ್ತರಕ್ಕೊಂದು ಮಿತಿಯಿದೆ. ಹುರಿಯನ್ನು ಅಡ್ಡಲಾಗಿ ಎಳೆದರೆ ಎಷ್ಟು ದೂರ ಬೇಕಾದರೂ ಹೋಗಬಹುದು ಎಂದುಕೊಂಡು, ತೊಲೆಯ ಮೊಳೆಗಳಿಗೆ ಅದೇ ಹುರಿಯ ತುಂಡುಗಳನ್ನು ಕಟ್ಟಿ, ಆ ಕುಣಿಕೆಗಳಲ್ಲಿ ಉದ್ದನೆಯ ಹುರಿಯನ್ನು ತೂಗುಹಾಕಿದ. ಈ ಸಲ ಚೆಂಡು ಅಲುಗಲಿಲ್ಲ. ಗರಿ ಕದಲಲಿಲ್ಲ. ಗ್ರೇ ಸರಿಯಾಗಿಯೇ ಊಹಿಸಿದ: ವಿದ್ಯುತ್ತು ಕುಣಿಕೆಯ ಹುರಿ ಹತ್ತಿ ತೊಲೆಗೆ ಹೋಗಿಬಿಡುತ್ತಿದೆ. ಆದರೆ ಅದಕ್ಕೇನು ಮಾಡಬೇಕೆಂದು ಹೊಳೆಯಲಿಲ್ಲ. ಅಡ್ಡ ಎಳೆಯುವ ಯೋಚನೆಯನ್ನೇ ಕೈಬಿಟ್ಟ.

ಜೂನ್ ಕೊನೆಗೆ ಅವನು ಆಟರ್ಡನ್ ಪ್ಲೇಸ್ ಎಂಬ ಬಂಗಲೆಗೆ ಹೋದ. ಅದರ ಒಡೆಯ ಗ್ರ್ಯಾನ್‌ವಿಲ್ ವೀಲರ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ದುಡ್ಡು, ಬಿಡುವು, ಕುತೂಹಲ ಮೂರೂ ಇದ್ದ ಮನುಷ್ಯ. ಅಡ್ಡ ಎಳೆದಾಗ ಸೋತದ್ದನ್ನು ಗ್ರೇ ಹೇಳಿದಾಗ ವೀಲರ್, “ಹುರಿಯನ್ನು ಹಿಡಿದುಕೊಳ್ಳಲು ರೇಷ್ಮೆ ದಾರ ಹಾಕಿ ನೋಡೋಣ” ಎಂಬ ಸಲಹೆ ಕೊಟ್ಟ. ಗ್ರೇ ಒಪ್ಪಿದ, ಆದರೆ ಅವನು ಒಪ್ಪಿದ ಕಾರಣ ಬೇರೆ. ರೇಷ್ಮೆ ದಾರ ಸಣ್ಣದು, ಸಣ್ಣ ದಾರಿಯಲ್ಲಿ ಸೋರಿಕೆ ಕಡಿಮೆ ಎಂಬುದು ಅವನ ಲೆಕ್ಕ.

1729ರ ಜುಲೈ 2, ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ, ಆ ಮನೆಯ ಉದ್ದನೆಯ ಮೊಗಸಾಲೆಯಲ್ಲಿ ಅಡ್ಡಲಾಗಿ ರೇಷ್ಮೆ ದಾರ ಕಟ್ಟಿ ಅದರ ಮೇಲೆ ಹುರಿ ಹಾಯಿಸಿದರು. ಎಂಬತ್ತು ಅಡಿ ದೂರದಲ್ಲಿ ದಂತದ ಚೆಂಡು ರೇಕಿನ ಚೂರನ್ನು ಸೆಳೆಯಿತು. ಹುರಿಯನ್ನು ತಿರುಗಿಸಿ ತಂದು 147 ಅಡಿ ಮಾಡಿದರು, ಆಗಲೂ ಸೆಳೆಯಿತು. ಧಾನ್ಯದ ದೊಡ್ಡ ಕೊಟ್ಟಿಗೆಗೆ ಹೋಗಿ ಇನ್ನೂ ಉದ್ದ ಮಾಡಿದರು. ಅಷ್ಟರಲ್ಲಿ ಭಾರ ತಾಳದೆ ರೇಷ್ಮೆ ದಾರ ಕಿತ್ತುಹೋಯಿತು.

ಇಡೀ ಕಥೆಯ ತಿರುವು ಇಲ್ಲಿದೆ. ರೇಷ್ಮೆ ಕಿತ್ತುಹೋದರೆ ಅದಕ್ಕಿಂತ ಗಟ್ಟಿಯಾದ, ಆದರೆ ಅಷ್ಟೇ ಸಣ್ಣನೆಯದು ಬೇಕು. ಗ್ರೇ ಹಿತ್ತಾಳೆಯ ಸಣ್ಣ ತಂತಿ ತೆಗೆದುಕೊಂಡ. ಅವನ ಲೆಕ್ಕದ ಪ್ರಕಾರ ಇದು ಕೆಲಸ ಮಾಡಲೇಬೇಕಿತ್ತು. ಕೊಳವೆಯನ್ನು ಎಷ್ಟು ಉಜ್ಜಿದರೂ ಆ ತುದಿಯಲ್ಲಿ ಒಂದು ಚೂರೂ ಕದಲಲಿಲ್ಲ. ಅಂದರೆ ಗುಟ್ಟು ದಾರದ ಸಣ್ಣತನದಲ್ಲಿ ಇರಲಿಲ್ಲ; ಅದು ರೇಷ್ಮೆಯಾಗಿರುವುದರಲ್ಲೇ ಇತ್ತು. ಹುರಿ ಒಯ್ಯುತ್ತದೆ, ರೇಷ್ಮೆ ಒಯ್ಯುವುದಿಲ್ಲ, ಹಿತ್ತಾಳೆ ಒಯ್ಯುತ್ತದೆ. ನಮ್ಮ ಮೇಷ್ಟ್ರು ಹಲಗೆಯ ಮೇಲೆ ಎಳೆದ ಗೆರೆ ಮೊದಲು ಬಿದ್ದದ್ದು ಆ ಕೊಟ್ಟಿಗೆಯಲ್ಲಿ. ತನ್ನ ಊಹೆ ತಪ್ಪಾಗಿತ್ತು ಎಂಬುದನ್ನು ಗ್ರೇ ತನ್ನ ವರದಿಯಲ್ಲಿ ಮುಚ್ಚಿಡಲಿಲ್ಲ. ಮೊದಲು ಹೀಗೆಂದುಕೊಂಡಿದ್ದೆ, ಆಮೇಲೆ ಹಾಗಲ್ಲವೆಂದು ಮನವರಿಕೆಯಾಯಿತು ಎಂದು ಸರಳವಾಗಿ ಬರೆದ. ಮತ್ತೆ ರೇಷ್ಮೆಗೆ ಮರಳಿ, ಹೊಲದಲ್ಲಿ ಗೂಟ ನೆಟ್ಟು, ಕೆಲವೇ ದಿನಗಳಲ್ಲಿ 765 ಅಡಿ ದೂರಕ್ಕೆ ವಿದ್ಯುತ್ತನ್ನು ಕಳಿಸಿದ.

ಇದನ್ನು ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಫೆಬ್ರುವರಿಯ ಒಂದು ಒಣ ಮಧ್ಯಾಹ್ನ, ಗಾಜಿನ ಕೊಳವೆಯ ಬದಲು ಒಂದು ಪಿವಿಸಿ ಪೈಪು, ಹಳೆಯ ಉಣ್ಣೆ ಶಾಲು, ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಸೆಣಬಿನ ಸುತಲಿ, ಕುಚ್ಚು ಕಟ್ಟುವ ರೇಷ್ಮೆ ದಾರ ತೆಗೆದುಕೊಂಡು ಕೂತೆ. ಎರಡು ಕುರ್ಚಿಗಳ ನಡುವೆ ರೇಷ್ಮೆ ಕಟ್ಟಿ ಅದರ ಮೇಲೆ ಹತ್ತು ಅಡಿ ಸುತಲಿ ಹಾಯಿಸಿ, ತುದಿಗೆ ಒಂದು ಸ್ಟೀಲ್ ಚಮಚ ತೂಗುಹಾಕಿದೆ. ಮೊದಮೊದಲು ಏನೂ ಆಗಲಿಲ್ಲ. ಸುತಲಿಯನ್ನು ಒದ್ದೆ ಕೈಯಿಂದ ಒಮ್ಮೆ ಸವರಿದ ಮೇಲೆ ಚಮಚದ ಕೆಳಗಿಟ್ಟ ಕಾಗದದ ಚೂರುಗಳು ಚಿಮ್ಮಿದವು. ರೇಷ್ಮೆ ಬಿಚ್ಚಿ ತಾಮ್ರದ ತಂತಿ ಕಟ್ಟಿ, ಅದರ ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿದೆ. ಚೂರುಗಳು ಸತ್ತಂತೆ ಮಲಗಿದವು. ಉತ್ತರ ಗೊತ್ತಿದ್ದೂ ನನಗೆ ರೋಮಾಂಚನವಾಯಿತು. ಉತ್ತರ ಗೊತ್ತಿಲ್ಲದ ಆ ಮುದುಕನಿಗೆ ಏನಾಗಿರಬೇಡ!

ಗ್ರೇ ಅಲ್ಲಿಗೆ ನಿಲ್ಲಿಸಲಿಲ್ಲ. ಕೊಳವೆ ಹುರಿಯನ್ನು ಮುಟ್ಟದೆ ಹತ್ತಿರ ಬಂದರೂ ಸಾಕು, ದೂರದ ತುದಿ ಸೆಳೆಯುತ್ತದೆ ಎಂದು ಕಂಡುಕೊಂಡ. ಓಕ್ ಮರದ ಎರಡು ಘನಗಳನ್ನು, ಒಂದು ಗಟ್ಟಿ, ಒಂದು ಪೊಳ್ಳು, ಹುರಿಗೆ ಕಟ್ಟಿ ನೋಡಿದ. ಎರಡೂ ಒಂದೇ ರೀತಿ ಸೆಳೆದವು. ವಿದ್ಯುತ್ತಿಗೆ ಬೇಕಾದದ್ದು ವಸ್ತುವಿನ ಮೇಲ್ಮೈಯೇ ಹೊರತು ಒಳಗಿನ ತಿರುಳಲ್ಲ ಎಂಬುದರ ಮೊದಲ ಸುಳಿವು ಅದು. 1730ರ ಏಪ್ರಿಲ್ 8ರಂದು, ಎಂಟೊಂಬತ್ತು ವರ್ಷದ, ಸುಮಾರು 21 ಕಿಲೋ ತೂಕದ ಒಬ್ಬ ಹುಡುಗನನ್ನು ಕೂದಲಿನ ಹಗ್ಗಗಳ ಮೇಲೆ ಗಾಳಿಯಲ್ಲಿ ಮಲಗಿಸಿ, ಅವನ ಪಾದದ ಹತ್ತಿರ ಉಜ್ಜಿದ ಕೊಳವೆ ಹಿಡಿದ. ಹುಡುಗನ ಮುಖಕ್ಕೂ ಕೈಗೂ ರೇಕಿನ ಚೂರುಗಳು ಹಾರಿಬಂದವು. ಮನುಷ್ಯನ ಮೈಯೂ ವಾಹಕ! ‘ಹಾರುವ ಹುಡುಗ’ ಮುಂದೆ ಯೂರೋಪಿನ ಸಿರಿವಂತರ ದಿವಾನಖಾನೆಗಳ ಮೋಜಾಗಿ ಹೋದ. ಗ್ರೇಗೆ ಅದು ಪ್ರಶ್ನೆಯಾಗಿತ್ತು. ಲೋಹವನ್ನು ಉಜ್ಜಿದರೆ ಸೆಳೆಯುವುದಿಲ್ಲವೇಕೆ ಎಂಬ ಗಿಲ್ಬರ್ಟನ ಕಾಲದ ಒಗಟೂ ಇದರಿಂದಲೇ ಬಿಡಿಸಿಕೊಳ್ಳುತ್ತದೆ. ಲೋಹವನ್ನು ಕೈಯಲ್ಲಿ ಹಿಡಿದು ಉಜ್ಜುತ್ತೇವೆ. ಹುಟ್ಟಿದ ವಿದ್ಯುತ್ತು ನಮ್ಮ ಮೈಯ ಮೂಲಕವೇ ನೆಲ ಸೇರುತ್ತದೆ. ನೂರಿಪ್ಪತ್ತೊಂಬತ್ತು ವರ್ಷ ಸೋರಿಕೆಯ ದಾರಿಯಾಗಿದ್ದವರು ಪ್ರಯೋಗ ಮಾಡುತ್ತಿದ್ದವರೇ.

ಗ್ರೇಯ ದೀರ್ಘ ವರದಿ 1731ರಲ್ಲಿ ಪ್ರಕಟವಾಯಿತು. ಆ ವರ್ಷವೇ ರಾಯಲ್ ಸೊಸೈಟಿ ಹೊಸದಾಗಿ ಶುರುಮಾಡಿದ ಕಾಪ್ಲಿ ಪದಕದ ಮೊದಲ ಗೌರವ ಅವನಿಗೆ ಸಂದಿತು, ಮರುವರ್ಷ ಮತ್ತೊಮ್ಮೆ ಅವನಿಗೇ. ಮುಂದೆ ಡಾರ್ವಿನ್, ಐನ್‌ಸ್ಟೈನ್‌ರಂಥವರು ಪಡೆದ ಗೌರವ ಇದು. ಸೊಸೈಟಿಯ ಸದಸ್ಯತ್ವ ಕೂಡ ಅವನಿಗೆ ದೊರೆತದ್ದು ಪದಕ ಬಂದ ಮೇಲೆಯೇ. ಪತ್ರಿಕೆಯಲ್ಲಿ ಮೊದಲ ಬರಹ ಬಂದು ಅಷ್ಟರಲ್ಲಿ ಮೂವತ್ತೈದು ವರ್ಷ ದಾಟಿತ್ತು. ಪ್ಯಾರಿಸ್ಸಿನಲ್ಲಿ ಶಾರ್ಲ್ ದ್ಯುಫೇ ಅವನ ವರದಿ ಓದಿ ಪ್ರಯೋಗಗಳನ್ನು ಮಾಡಿ ನೋಡಿದ. ಒದ್ದೆ ಹುರಿ ಇನ್ನೂ ಚೆನ್ನಾಗಿ ಒಯ್ಯುತ್ತದೆ ಎಂದು ಕಂಡುಕೊಂಡು 1256 ಅಡಿ ಮುಟ್ಟಿದ (ನನ್ನ ಒದ್ದೆ ಕೈಯ ಉಪಾಯ ಅವನಿಂದ ಕಲಿತದ್ದು). ವಿದ್ಯುತ್ತು ಎರಡು ಬಗೆ ಎಂಬ ಸಂಗತಿಯೂ ಅವನಿಗೇ ಹೊಳೆಯಿತು. ದ್ಯುಫೇಗೆ ಫ್ರಾನ್ಸಿನ ಸರ್ಕಾರ ವಹಿಸಿದ್ದ ಕೆಲಸಗಳಲ್ಲಿ ಒಂದು ಬಟ್ಟೆಯ ಬಣ್ಣಗಾರಿಕೆಯ ಮೇಲ್ವಿಚಾರಣೆ ಎಂಬುದು ಕಾಕತಾಳೀಯವಿರಬಹುದು. ಆದರೂ ಒಬ್ಬ ಬಣ್ಣಗಾರನನ್ನು ಸರಿಯಾಗಿ ಓದಿಕೊಂಡವನು ಬಣ್ಣ ಬಲ್ಲ ಇನ್ನೊಬ್ಬ ಎಂಬುದು ನನಗೆ ಇಷ್ಟವಾಗುತ್ತದೆ.

ಗ್ರೇ ಸುಲಭದ ಮನುಷ್ಯನಾಗಿರಲಿಲ್ಲ ಎಂದು ತೋರುತ್ತದೆ. ಅವನು ಬದುಕಿರುವವರೆಗೆ ತಾನು ವಿದ್ಯುತ್ತಿನ ಪ್ರಯೋಗಗಳಿಗೆ ಕೈಹಾಕಲಿಲ್ಲ, ಬೇರೆಯವರು ಪೈಪೋಟಿಗೆ ಬಂದರೆನಿಸಿದರೆ ಗ್ರೇ ಎಲ್ಲವನ್ನೂ ಬಿಟ್ಟುಬಿಡುವ ಸ್ವಭಾವದವನಾಗಿದ್ದ ಎಂಬರ್ಥದ ಮಾತನ್ನು ಡೆಸಾಗುಲಿಯರ್ಸ್ ಬರೆದಿದ್ದಾನೆ. ಗ್ರೇ ಹೋದ ಮೇಲೆ ಡೆಸಾಗುಲಿಯರ್ಸ್ ಆ ಕೆಲಸ ಮುಂದುವರಿಸಿದ. ‘ಕಂಡಕ್ಟರ್’ ಎಂಬ ಪದವನ್ನು ವಿದ್ಯುತ್ತಿಗೆ ತಂದವನು ಅವನೇ. ಹೀಗೆ ಕಂಡವನೊಬ್ಬ, ಹೆಸರಿಟ್ಟವನೊಬ್ಬ. ಹೆಸರು ಉಳಿಯಿತು.

ಕೊನೆಯ ದಿನಗಳ ಒಂದು ಸಂಗತಿಯನ್ನೂ ಬಿಡಬಾರದು. 1736ರ ಫೆಬ್ರುವರಿಯಲ್ಲಿ ಸಾವಿನ ಹಾಸಿಗೆಯಲ್ಲಿದ್ದ ಗ್ರೇ, ಸೊಸೈಟಿಯ ಕಾರ್ಯದರ್ಶಿ ಕ್ರಾಮ್‌ವೆಲ್ ಮಾರ್ಟಿಮರ್‌ಗೆ ತನ್ನ ಹೊಸ ಪ್ರಯೋಗವನ್ನು ಹೇಳಿ ಬರೆಸಿದ. ರಾಳದ ಬಿಲ್ಲೆಯ ನಡುವೆ ಕಬ್ಬಿಣದ ಗುಂಡು ಇಟ್ಟು, ಅದರ ಮೇಲೆ ಕೈಯಿಂದ ಒಂದು ಹಗುರ ವಸ್ತುವನ್ನು ದಾರದಲ್ಲಿ ಇಳಿಬಿಟ್ಟರೆ ಅದು ಗುಂಡಿನ ಸುತ್ತ ಪಡುವಣದಿಂದ ಮೂಡಣಕ್ಕೆ, ಗ್ರಹಗಳಂತೆಯೇ ಸುತ್ತುತ್ತದೆ. ಗ್ರಹಗಳ ಚಲನೆಯ ಗುಟ್ಟು ವಿದ್ಯುತ್ತಿನಲ್ಲೇ ಇರಬಹುದು ಎಂದು ಅವನು ನಂಬಿದ್ದ. ಅವನು ಸತ್ತ ಮೇಲೆ ವೀಲರ್ ಆ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ, ದಾರ ಹಿಡಿದ ಕೈ ತನಗರಿವಿಲ್ಲದೆಯೇ ತಾನು ಬಯಸಿದ ದಿಕ್ಕಿಗೆ ತಿರುಗಿಸುತ್ತದೆ ಎಂಬ ತೀರ್ಮಾನಕ್ಕೆ ಬಂದ. ಹಿತ್ತಾಳೆ ತಂತಿ ಇಲ್ಲ ಎಂದಾಗ ಕೇಳಿಸಿಕೊಂಡ ಮನುಷ್ಯ, ಕೊನೆಗೆ ತನ್ನ ಕೈಯ ಆಸೆಯಿಂದಲೇ ಮೋಸಹೋದ. ಅವನನ್ನು ತಿದ್ದಲು ಇನ್ನೊಂದು ಹಿತ್ತಾಳೆ ತಂತಿಗೆ ಸಮಯವಿರಲಿಲ್ಲ. ಆದರೆ ಅದಕ್ಕೂ ಸ್ವಲ್ಪ ಮೊದಲು ಅವನು ಬರೆದ ಇನ್ನೊಂದು ಊಹೆ ನಿಜವಾಯಿತು: ತನ್ನ ಪ್ರಯೋಗದ ಸಣ್ಣ ಕಿಡಿಗೂ ಆಕಾಶದ ಸಿಡಿಲಿಗೂ ಸ್ವಭಾವ ಒಂದೇ ಇದ್ದೀತು ಎಂದಿದ್ದ. ಅದು ಸಾಬೀತಾಗಲು 1752ರವರೆಗೆ, ಬೆಂಜಮಿನ್ ಫ್ರಾಂಕ್ಲಿನ್‌ನ ಕಾಲದವರೆಗೆ, ಕಾಯಬೇಕಾಯಿತು.

ಗ್ರೇಯ ಮುಖ ಹೇಗಿತ್ತೆಂದು ತೋರಿಸುವ ಚಿತ್ರವಿಲ್ಲ, ಗುರುತಿನ ಸಮಾಧಿಯಿಲ್ಲ. ಚಾರ್ಟರ್‌ಹೌಸ್‌ನಲ್ಲಿ ಅವನಂತೆಯೇ ಆಶ್ರಯ ಪಡೆದಿದ್ದ ಜಕರೈಯಾ ವಿಲಿಯಮ್ಸ್ ಎಂಬುವನ ಮಗಳು ಆ್ಯನಾ, ಅವನ ಪ್ರಯೋಗಗಳನ್ನು ಹತ್ತಿರದಿಂದ ಕಂಡವಳು. ಮನುಷ್ಯನ ಮೈಯಿಂದ ವಿದ್ಯುತ್ತಿನ ಕಿಡಿ ಹೊಮ್ಮುವುದನ್ನು ಮೊದಲು ಗಮನಿಸಿದ್ದು ತಾನೇ ಎಂದು ಹೇಳಿಕೊಂಡಿದ್ದಾಳೆ. ಮುಂದೆ ಕಣ್ಣು ಕಳೆದುಕೊಂಡು, ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್‌ನ ಮನೆಯಲ್ಲಿ ಬಹುಕಾಲ ಬಾಳಿದ ಆಕೆ, 1766ರಲ್ಲಿ ಪ್ರಕಟಿಸಿದ ತನ್ನ ಸಂಕಲನದಲ್ಲಿ ಗ್ರೇಯ ಸಾವಿನ ಮೇಲಿನ ಒಂದು ಕವಿತೆಯನ್ನು ಸೇರಿಸಿದಳು. ಅವನಿಗೆ ಸಿಕ್ಕ ಸ್ಮಾರಕ ಅದು.

ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ನಡೆದು ಕೋಲಾರದ ಚಿನ್ನದ ಗಣಿ ಮುಟ್ಟಿದಾಗ, ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಸಾಗಣೆಗಳಲ್ಲಿ ಒಂದಾಗಿತ್ತು. ಗ್ರೇಯ ಮೊಗಸಾಲೆಯ ಹುರಿ 147 ಅಡಿ. ಅಂಕಿಗಳು ಹೊಂದಿಕೊಂಡಿದ್ದು ಆಕಸ್ಮಿಕ, ಆದರೆ ಎರಡೂ ಕಡೆ ನಡೆದ ಕೆಲಸ ಒಂದೇ: ಒಯ್ಯುವುದನ್ನು ಒಯ್ಯದಿರುವುದರ ಮೇಲೆ ಕೂರಿಸಿ ದೂರಕ್ಕೆ ಕಳಿಸುವುದು. ಈಗಲೂ ದಾರಿಯಲ್ಲಿ ಕಂಬದ ತುದಿಯ ಪಿಂಗಾಣಿ ಬಟ್ಟಲು ಕಂಡರೆ ಆ ಲೈನ್‌ಮನ್ ಹೇಳಿದ್ದು ನೆನಪಾಗುತ್ತದೆ. ಅವರು ನನಗೆ ಕೊಟ್ಟ ಉತ್ತರ, ಕಿತ್ತುಹೋದ ಒಂದು ರೇಷ್ಮೆ ದಾರದಿಂದ ಸಿಕ್ಕಿದ್ದು.